ಯಂತ್ರ ಅನುಮಾನಪಟ್ಟರೆ ಸಾಬೀತು ಮಾಡಬೇಕಾದವರು ಯಾರು?

2021ರ ಜನವರಿ 15ರಂದು ನೆದರ್ಲೆಂಡ್ಸ್‌ನ ಪ್ರಧಾನಿ ಮಾರ್ಕ್ ರುಟ್ಟೆ ಇಡೀ ಸಂಪುಟದ ರಾಜೀನಾಮೆ ಪ್ರಕಟಿಸಿ, ಸೈಕಲ್ ತುಳಿದುಕೊಂಡು ಅರಮನೆಗೆ ಹೋಗಿ ದೊರೆಗೆ ವಿಷಯ ತಿಳಿಸಿದರು. ಚುನಾವಣೆಗೆ ಉಳಿದಿದ್ದುದು ಎರಡೇ ತಿಂಗಳು. ದೇಶ ಕೋವಿಡ್ ನಿರ್ಬಂಧದಲ್ಲಿತ್ತು. ಅಂಥ ಹೊತ್ತಿನಲ್ಲಿ ಸರ್ಕಾರವನ್ನು ಕೆಳಗಿಳಿಸಿದ್ದು ಲಂಚದ ಹಗರಣವೂ ಅಲ್ಲ, ಪಕ್ಷಾಂತರವೂ ಅಲ್ಲ. ಪುಟ್ಟ ಮಕ್ಕಳನ್ನು ಶಿಶುಪಾಲನಾ ಕೇಂದ್ರಕ್ಕೆ ಬಿಟ್ಟು ಕೆಲಸಕ್ಕೆ ಹೋಗುವ ತಂದೆತಾಯಂದಿರನ್ನು ಸರ್ಕಾರವೇ ಸಾವಿರಾರು ಸಂಖ್ಯೆಯಲ್ಲಿ ವಂಚಕರೆಂದು ಕರೆದಿತ್ತು. ಅವರಲ್ಲಿ ಬಹುಪಾಲು ಜನ ಯಾವ ತಪ್ಪನ್ನೂ ಮಾಡಿರಲಿಲ್ಲ. ಯಾರ ಮೇಲೆ ಅನುಮಾನಪಡಬೇಕು ಎಂದು ಸೂಚಿಸುವ ಕೆಲಸವನ್ನು ಅಲ್ಲಿನ ತೆರಿಗೆ ಇಲಾಖೆ ಒಂದು ಕಂಪ್ಯೂಟರ್ ಅಲ್ಗಾರಿದಮ್‌ಗೆ ವಹಿಸಿತ್ತು.

ಅಲ್ಗಾರಿದಮ್ ಎಂದರೆ ಕಂಪ್ಯೂಟರ್ ಹಂತಹಂತವಾಗಿ ಪಾಲಿಸುವ ನಿಯಮಗಳ ಸರಣಿ. ಈಗಿನ ಬಹಳಷ್ಟು ಅಲ್ಗಾರಿದಮ್‌ಗಳಿಗೆ ಆ ನಿಯಮಗಳನ್ನು ಮನುಷ್ಯರು ಒಂದೊಂದಾಗಿ ಬರೆದುಕೊಡುವುದಿಲ್ಲ. ಹಳೆಯ ದಾಖಲೆಗಳನ್ನು ಮುಂದಿಟ್ಟರೆ ಯಂತ್ರ ಅದರಲ್ಲಿನ ಮಾದರಿಗಳನ್ನು ತಾನೇ ಹುಡುಕಿಕೊಂಡು, ಹೊಸ ಅರ್ಜಿ ಬಂದಾಗ ಅದಕ್ಕೊಂದು ಅಂಕ ಕೊಡುತ್ತದೆ. ಸಾಲ ಯಾರಿಗೆ, ಕೆಲಸದ ಸಂದರ್ಶನಕ್ಕೆ ಯಾರಿಗೆ ಕರೆ, ಪೊಲೀಸರ ನಿಗಾ ಯಾರ ಮೇಲೆ, ಪಡಿತರ ಯಾರಿಗೆ ನಿಲ್ಲಬೇಕು ಎಂಬಂಥ ತೀರ್ಮಾನಗಳಲ್ಲಿ ಇಂಥ ಅಂಕಗಳು ಜಗತ್ತಿನಾದ್ಯಂತ ಬಳಕೆಯಾಗುತ್ತಿವೆ. ಆ ಅಂಕ ಒಂದು ಗುಂಪಿನ ಜನರಿಗೆ ಮತ್ತೆ ಮತ್ತೆ ಅನ್ಯಾಯ ಮಾಡಿದರೆ ಅದನ್ನು ಅಲ್ಗಾರಿದಮ್‌ನ ಪಕ್ಷಪಾತ ಎನ್ನುತ್ತಾರೆ. ಎಂಜಿನಿಯರ್‌ಗಳು ಕೋಡ್ ತಿದ್ದಿದರೆ ಅದು ಸರಿಹೋಗುತ್ತದೆ ಎಂಬ ನಂಬಿಕೆ ಬಹಳ ಕಾಲ ಇತ್ತು. ನೆದರ್ಲೆಂಡ್ಸ್‌ನ ಅನುಭವ ಬೇರೆಯದೇ ಪಾಠ ಕಲಿಸಿತು.

ಒಂದು ಸಹಿ ತಪ್ಪಿದರೆ ವರ್ಷದ ಹಣವೆಲ್ಲ ವಾಪಸ್

ಆ ದೇಶದಲ್ಲಿ ದುಡಿಯುವ ಪೋಷಕರಿಗೆ ಮಕ್ಕಳ ಪಾಲನೆಯ ಖರ್ಚಿನ ದೊಡ್ಡ ಪಾಲನ್ನು ಸರ್ಕಾರ ಮುಂಗಡವಾಗಿಯೇ ಕೊಡುತ್ತದೆ. ವರ್ಷದ ಆದಾಯ ಇಷ್ಟಾಗಬಹುದು ಎಂಬ ಅಂದಾಜಿನ ಮೇಲೆ ಹಣ ಬರುತ್ತದೆ, ಆಮೇಲೆ ಲೆಕ್ಕ ಚುಕ್ತಾ ಆಗುತ್ತದೆ. 2013ರಲ್ಲಿ, ಬಲ್ಗೇರಿಯಾದಿಂದ ಜನರನ್ನು ಕರೆತಂದು ಅವರ ಹೆಸರಿನಲ್ಲಿ ಸಹಾಯಧನ ಲಪಟಾಯಿಸುತ್ತಿದ್ದ ಜಾಲವೊಂದು ಬಯಲಾಯಿತು. ವಂಚಕರನ್ನು ಬಗ್ಗುಬಡಿಯಿರಿ ಎಂಬ ಒತ್ತಾಯ ಸಂಸತ್ತಿನಲ್ಲೂ ಮಾಧ್ಯಮಗಳಲ್ಲೂ ಜೋರಾಯಿತು. ತೆರಿಗೆ ಇಲಾಖೆ ಅರ್ಜಿಗಳನ್ನು ಸೋಸಲು ತಾನಾಗಿ ಕಲಿಯುವ ಅಲ್ಗಾರಿದಮ್ ಒಂದನ್ನು ಬಳಕೆಗೆ ತಂದದ್ದು ಅದೇ ವರ್ಷ.

ಅದು ಪ್ರತಿ ಅರ್ಜಿಗೂ ಅಪಾಯದ ಅಂಕ ಕೊಡುತ್ತಿತ್ತು. ಅಂಕಕ್ಕೆ ಆಧಾರವಾದ ಅಂಶಗಳಲ್ಲಿ ಅರ್ಜಿದಾರರು ಡಚ್ ಪೌರರೋ, ಅಂದರೆ ನೆದರ್ಲೆಂಡ್ಸ್‌ನವರೋ, ಅಲ್ಲವೋ ಎಂಬುದೂ ಒಂದು. ಆದಾಯ ಕಡಿಮೆ ಇದ್ದರೂ ಅಂಕ ಏರುತ್ತಿತ್ತು. ಅತಿ ಹೆಚ್ಚು ಅಂಕ ಬಂದ ಅರ್ಜಿಗಳು ತನಿಖೆಗೆಂದು ಅಧಿಕಾರಿಯ ಮೇಜಿಗೆ ಹೋಗುತ್ತಿದ್ದವು. ಆದರೆ ಈ ಅರ್ಜಿಗೆ ಯಾಕೆ ಇಷ್ಟು ಅಂಕ ಬಂತು ಎಂಬ ವಿವರ ಆ ಅಧಿಕಾರಿಗೂ ಸಿಗುತ್ತಿರಲಿಲ್ಲ. ಕಾರಣ ಗೊತ್ತಿಲ್ಲದ ಅಧಿಕಾರಿ ಕಾರಣ ಗೊತ್ತಿಲ್ಲದ ತಾಯಿಗೆ ಪತ್ರ ಬರೆಯುತ್ತಿದ್ದ: ದಾಖಲೆ ಕೊಡಿ.

ಇಷ್ಟಕ್ಕೇ ನಿಂತಿದ್ದರೆ ಕಿರುಕುಳ ಎಂದು ಸುಮ್ಮನಾಗಬಹುದಿತ್ತು. ಇದರ ಜೊತೆಗೆ ಕಾನೂನಿನ ಕಟ್ಟುನಿಟ್ಟಿನ ವ್ಯಾಖ್ಯಾನವೂ ಸೇರಿಕೊಂಡಿತು. ಅರ್ಜಿಯಲ್ಲಿ ಒಂದು ಸಹಿ ಬಿಟ್ಟುಹೋದರೂ, ಪೋಷಕರು ಭರಿಸಬೇಕಾದ ಪಾಲಿನಲ್ಲಿ ಸಣ್ಣ ಮೊತ್ತ ಕಡಿಮೆ ಬಿದ್ದರೂ ಇಡೀ ವರ್ಷದ ಸಹಾಯಧನ ಮರಳಿಸಬೇಕು ಎಂಬ ಧೋರಣೆಯನ್ನು ಇಲಾಖೆ ಹಿಡಿದಿತ್ತು. ದೇಶದ ಅತ್ಯುನ್ನತ ಆಡಳಿತ ನ್ಯಾಯಮಂಡಳಿ ಅದನ್ನು ವರ್ಷಗಟ್ಟಲೆ ಎತ್ತಿಹಿಡಿಯಿತು. ತನ್ನ ನಿಲುವನ್ನು ಅದು ಬದಲಿಸಿದ್ದು 2019ರ ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಹತ್ತಾರು ಸಾವಿರ ಯೂರೋ ಸಾಲ ಹೊತ್ತ ಕುಟುಂಬಗಳು ಮನೆ ಕಳೆದುಕೊಂಡಿದ್ದವು, ಕೆಲಸ ಕಳೆದುಕೊಂಡಿದ್ದವು, ಸಂಸಾರಗಳು ಮುರಿದಿದ್ದವು. ಉದ್ದೇಶಪೂರ್ವಕ ವಂಚನೆ ಎಂಬ ಹಣೆಪಟ್ಟಿ ಬಿದ್ದವರಿಗೆ ಕಂತಿನಲ್ಲಿ ಕಟ್ಟುವ ಅವಕಾಶವೂ ಇರಲಿಲ್ಲ. ಹಗರಣಕ್ಕೆ ಸಿಲುಕಿದ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳನ್ನು 2015ರಿಂದ 2020ರ ನಡುವೆ ಮನೆಯಿಂದ ಬೇರ್ಪಡಿಸಿ ಸರ್ಕಾರಿ ಆರೈಕೆಗೆ ಒಪ್ಪಿಸಲಾಗಿತ್ತು ಎಂದು ಅಲ್ಲಿನ ಅಂಕಿಅಂಶ ಸಂಸ್ಥೆ ಬಳಿಕ ಲೆಕ್ಕ ಹಾಕಿತು. ಪ್ರತಿ ಪ್ರಕರಣಕ್ಕೂ ಇದೇ ಕಾರಣ ಎನ್ನಲು ಬರುವುದಿಲ್ಲ. ಆದರೂ ಆ ಸಂಖ್ಯೆ ದೇಶವನ್ನು ಅಲ್ಲಾಡಿಸಿತು.

ಸತ್ಯ ಹೊರಬಂದದ್ದು ಹಲವರು ಪಟ್ಟುಬಿಡದೆ ಬೆನ್ನುಹತ್ತಿದ್ದರಿಂದ. ಎವಾ ಗೊನ್ಸಾಲೆಸ್ ಪೆರೆಸ್ ಎಂಬ ವಕೀಲೆ ಒಂದೇ ಬಗೆಯ ದೂರು ಹೊತ್ತು ಬರುತ್ತಿದ್ದ ಪೋಷಕರ ಪರವಾಗಿ ವರ್ಷಗಟ್ಟಲೆ ವಾದಿಸಿದರು. ‘ಟ್ರೌ’ ಪತ್ರಿಕೆ ಮತ್ತು ಆರ್‌ಟಿಎಲ್ ವಾಹಿನಿಯ ಪತ್ರಕರ್ತರು ದಾಖಲೆ ಕೆದಕಿದರು. ಪೀಟರ್ ಓಮ್ಟ್ಸಿಖ್ಟ್, ರೆನ್ಸ್ಕೆ ಲೈಟೆನ್ ಎಂಬ ಇಬ್ಬರು ಸಂಸದರು ಪಕ್ಷಭೇದ ಬಿಟ್ಟು ಪ್ರಶ್ನೆ ಕೇಳಿದರು. ಇಲಾಖೆಯ ಒಳಗೇ ಇದ್ದ ಕಾನೂನು ಸಲಹೆಗಾರ್ತಿ ಸಾಂಡ್ರಾ ಪಾಲ್ಮೆನ್ 2017ರಲ್ಲೇ ‘ನಾವು ಮಾಡುತ್ತಿರುವುದು ತಪ್ಪು’ ಎಂಬ ಅರ್ಥದ ಟಿಪ್ಪಣಿ ಬರೆದಿದ್ದರು. ಅದನ್ನು ಮೂಲೆಗೆ ಸರಿಸಲಾಗಿತ್ತು. ತಮ್ಮ ಕಡತ ತೋರಿಸಿ ಎಂದ ಪೋಷಕರಿಗೆ ಸಿಕ್ಕಿದ್ದು ಸಾಲುಸಾಲಾಗಿ ಕಪ್ಪು ಬಳಿದ ಪುಟಗಳು.

2020ರ ಡಿಸೆಂಬರ್‌ನಲ್ಲಿ ಸಂಸದೀಯ ಸಮಿತಿ ‘ಹಿಂದೆಂದೂ ಕಾಣದ ಅನ್ಯಾಯ’ ಎಂಬರ್ಥದ ಶೀರ್ಷಿಕೆಯಡಿ ವರದಿ ಕೊಟ್ಟಿತು. ಅದು ದೂಷಿಸಿದ್ದು ಇಲಾಖೆಯೊಂದನ್ನೇ ಅಲ್ಲ. ಮಂತ್ರಿಗಳನ್ನು, ಕಾನೂನು ಮಾಡಿದ ಸಂಸತ್ತನ್ನು, ಕಣ್ಣುಮುಚ್ಚಿ ಒಪ್ಪಿದ ನ್ಯಾಯಾಂಗವನ್ನೂ. ಮರುತಿಂಗಳು ಸರ್ಕಾರ ಬಿತ್ತು. ಸಂತ್ರಸ್ತ ಕುಟುಂಬಗಳಿಗೆ ತಲಾ 30,000 ಯೂರೋ ಪರಿಹಾರ ಘೋಷಣೆಯಾಯಿತು. ರಾಷ್ಟ್ರೀಯತೆಯ ಮಾಹಿತಿಯನ್ನು ತಾರತಮ್ಯದ ರೀತಿಯಲ್ಲಿ ಬಳಸಿದ್ದಕ್ಕೆ ದತ್ತಾಂಶ ರಕ್ಷಣಾ ಪ್ರಾಧಿಕಾರ 2021ರ ಡಿಸೆಂಬರ್‌ನಲ್ಲಿ ತೆರಿಗೆ ಇಲಾಖೆಗೆ 27.5 ಲಕ್ಷ ಯೂರೋ ದಂಡ ಹಾಕಿತು. ಸಂತ್ರಸ್ತರೆಂದು ಇದುವರೆಗೆ ಗುರುತಿಸಲಾದವರ ಸಂಖ್ಯೆ 40,000 ದಾಟಿದೆ.

ಪಕ್ಷಪಾತ ಒಳಗೆ ಬರುವ ದಾರಿಗಳು

ಯಂತ್ರಕ್ಕೆ ಜಾತಿಯಿಲ್ಲ, ಧರ್ಮವಿಲ್ಲ, ನೆಂಟರಿಷ್ಟರಿಲ್ಲ. ಹಾಗಿದ್ದಮೇಲೆ ಅದು ಭೇದಭಾವ ಮಾಡುವುದು ಹೇಗೆ?

ಮೊದಲ ದಾರಿ ಹಳೆಯ ದಾಖಲೆ. ಅಮೆಜಾನ್ ಕಂಪನಿ ಕೆಲಸದ ಅರ್ಜಿಗಳನ್ನು ಶ್ರೇಣೀಕರಿಸಲು ಒಂದು ಸಾಧನವನ್ನು ಕಟ್ಟುತ್ತಿತ್ತು. ಹಿಂದಿನ ಹತ್ತು ವರ್ಷ ತನಗೆ ಬಂದ ಅರ್ಜಿಗಳನ್ನೇ ಅದಕ್ಕೆ ಪಾಠವಾಗಿ ಕೊಟ್ಟಿತ್ತು. ಆ ಅರ್ಜಿಗಳಲ್ಲಿ ಬಹುಪಾಲು ಗಂಡಸರದು. ಹೀಗಾಗಿ ಯಂತ್ರ, ಅರ್ಜಿಯಲ್ಲಿ ‘ಮಹಿಳಾ’ ಎಂಬ ಪದ ಕಂಡರೆ, ಉದಾಹರಣೆಗೆ ಮಹಿಳಾ ಚೆಸ್ ಕ್ಲಬ್ಬಿನ ನಾಯಕಿ ಎಂದಿದ್ದರೆ, ಅಂಕ ಇಳಿಸಲು ಕಲಿತುಬಿಟ್ಟಿತು. ತಿದ್ದಿದರೂ ಬೇರೆ ದಾರಿಯಲ್ಲಿ ಅದೇ ತಪ್ಪು ಮಾಡುವುದಿಲ್ಲ ಎಂಬ ಖಾತ್ರಿ ಸಿಗದೆ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಇದನ್ನು ವರದಿ ಮಾಡಿತು.

ಎರಡನೆಯ ದಾರಿ ಇನ್ನೂ ಸೂಕ್ಷ್ಮ. ಅಮೆರಿಕದ ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕೆಂದು ಆರಿಸುತ್ತಿದ್ದ ಒಂದು ಅಲ್ಗಾರಿದಮ್‌ಗೆ ರೋಗಿಯ ಜನಾಂಗ ಗೊತ್ತೇ ಇರಲಿಲ್ಲ. ಕಾಯಿಲೆ ಎಷ್ಟು ತೀವ್ರ ಎಂದು ಅಳೆಯಲು ಅದು ಹಿಡಿದದ್ದು ಚಿಕಿತ್ಸೆಗೆ ಆಗುವ ಖರ್ಚನ್ನು. ಕಪ್ಪು ಜನಾಂಗದವರಿಗೆ ಅಷ್ಟೇ ಕಾಯಿಲೆ ಇದ್ದರೂ ಅವರ ಮೇಲೆ ಆಗುತ್ತಿದ್ದ ಖರ್ಚು ಕಡಿಮೆ, ಏಕೆಂದರೆ ಅವರಿಗೆ ಆಸ್ಪತ್ರೆಯ ಬಾಗಿಲೇ ದೂರ. ಕಡಿಮೆ ಖರ್ಚನ್ನು ಯಂತ್ರ ಕಡಿಮೆ ಕಾಯಿಲೆ ಎಂದು ಓದಿಕೊಂಡಿತು. ಜಿಯಾದ್ ಓಬರ್‌ಮೆಯರ್ ಮತ್ತು ಸಂಗಡಿಗರು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ತೋರಿಸಿದರು. ತಪ್ಪು ಸರಿಪಡಿಸಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ರೋಗಿಗಳ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತದೆ ಎಂಬುದು ಅವರ ಲೆಕ್ಕ.

ಜಾತಿ, ಧರ್ಮ, ಲಿಂಗದ ಕಾಲಮ್ ಅಳಿಸಿದರೆ ಸಾಕು ಎನ್ನುವವರಿಗೆ ಇಲ್ಲಿ ಉತ್ತರವಿದೆ. ಭಾರತದಲ್ಲಿ ಒಬ್ಬರ ಉಪನಾಮ, ಓದಿದ ಶಾಲೆ, ವಾಸಿಸುವ ಕೇರಿಯ ಪಿನ್‌ಕೋಡ್ ಇಷ್ಟಿದ್ದರೆ ಅಳಿಸಿದ ಕಾಲಮ್ಮನ್ನು ಊಹಿಸುವುದು ಕಷ್ಟವೇನಲ್ಲ.

ನ್ಯಾಯ ಎಂದರೆ ಯಾವ ಲೆಕ್ಕ?

ಅಮೆರಿಕದ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಬಂಧಿತರು ಮತ್ತೆ ಅಪರಾಧ ಮಾಡುವ ಸಂಭವವನ್ನು ಅಳೆಯಲು ‘ಕಾಂಪಾಸ್’ ಎಂಬ ತಂತ್ರಾಂಶ ಬಳಸುತ್ತಿದ್ದರು. 2016ರಲ್ಲಿ ಪ್ರೊಪಬ್ಲಿಕಾ ಎಂಬ ತನಿಖಾ ಪತ್ರಿಕೋದ್ಯಮ ಸಂಸ್ಥೆ ಸಾವಿರಾರು ಜನರ ದಾಖಲೆಗಳನ್ನು ತಾಳೆ ನೋಡಿತು. ಎರಡು ವರ್ಷ ಯಾವ ಅಪರಾಧವನ್ನೂ ಮಾಡದೆ ಇದ್ದವರ ಪೈಕಿ ಕಪ್ಪು ಜನಾಂಗದ ಶೇ 45 ಮಂದಿಯನ್ನು ಯಂತ್ರ ಅಪಾಯಕಾರಿ ಎಂದಿತ್ತು. ಬಿಳಿಯರಲ್ಲಿ ಈ ಪ್ರಮಾಣ ಶೇ 23 ಮಾತ್ರ. ತಂತ್ರಾಂಶ ಮಾಡಿದ ಕಂಪನಿ ಇದನ್ನು ಒಪ್ಪಲಿಲ್ಲ. ಒಂದೇ ಅಂಕ ಬಂದ ಕಪ್ಪು ಮತ್ತು ಬಿಳಿಯ ವ್ಯಕ್ತಿಗಳು ಮತ್ತೆ ಅಪರಾಧ ಮಾಡುವ ಪ್ರಮಾಣ ಹೆಚ್ಚುಕಡಿಮೆ ಒಂದೇ, ಹಾಗಾಗಿ ಯಂತ್ರ ನ್ಯಾಯವಾಗಿದೆ ಎಂದಿತು.

ಇಬ್ಬರ ಲೆಕ್ಕವೂ ಸರಿಯಾಗಿತ್ತು. ಅದು ಹೇಗೆ ಸಾಧ್ಯ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. ನೂರು ನೂರು ಜನರ ಎರಡು ಗುಂಪುಗಳಿವೆ ಎನ್ನಿ. ಮೊದಲ ಗುಂಪಿನಲ್ಲಿ 50 ಜನ, ಎರಡನೆಯದರಲ್ಲಿ 20 ಜನ ಮತ್ತೆ ಬಂಧನಕ್ಕೆ ಒಳಗಾಗುತ್ತಾರೆ. ಯಂತ್ರ ಮೊದಲ ಗುಂಪಿನ 60 ಜನರನ್ನು ಅಪಾಯಕಾರಿ ಎಂದಿತು, ಅದರಲ್ಲಿ 36 ಸರಿ. ಎರಡನೆಯ ಗುಂಪಿನ 20 ಜನರನ್ನು ಅಪಾಯಕಾರಿ ಎಂದಿತು, ಅದರಲ್ಲಿ 12 ಸರಿ. ಎರಡೂ ಕಡೆ ಶೇ 60ರಷ್ಟು ನಿಖರ. ಕಂಪನಿಯ ವಾದ ಗೆದ್ದಿತು. ಈಗ ನಿರಪರಾಧಿಗಳ ಕಡೆಯಿಂದ ಎಣಿಸಿ. ಮೊದಲ ಗುಂಪಿನಲ್ಲಿ ಯಾವ ತಪ್ಪನ್ನೂ ಮಾಡದ 50 ಜನರಲ್ಲಿ 24 ಮಂದಿಗೆ, ಅಂದರೆ ಶೇ 48 ಜನರಿಗೆ ಕಳಂಕ ಹತ್ತಿತು. ಎರಡನೆಯ ಗುಂಪಿನ 80 ಜನರಲ್ಲಿ 8 ಮಂದಿಗೆ, ಅಂದರೆ ಶೇ 10 ಜನರಿಗೆ ಮಾತ್ರ.

ಎರಡು ಗುಂಪುಗಳ ಬಂಧನದ ಪ್ರಮಾಣವೇ ಬೇರೆಬೇರೆ ಇರುವಾಗ ಈ ಎರಡೂ ಬಗೆಯ ಸಮಾನತೆಯನ್ನು ಒಟ್ಟಿಗೆ ಸಾಧಿಸುವುದು ಗಣಿತದಲ್ಲೇ ಅಸಾಧ್ಯ ಎಂದು ಜಾನ್ ಕ್ಲೈನ್‌ಬರ್ಗ್, ಸೆಂಧಿಲ್ ಮುಲ್ಲೈನಾಥನ್, ಮನೀಶ್ ರಾಘವನ್ ಅವರೂ, ಪ್ರತ್ಯೇಕವಾಗಿ ಅಲೆಕ್ಸಾಂಡ್ರಾ ಚೌಲ್ಡೆಕೋವಾ ಅವರೂ ತೋರಿಸಿಕೊಟ್ಟರು. ಬಂಧನದ ಪ್ರಮಾಣ ಬೇರೆಯಾಗಲು ಪೊಲೀಸರು ಯಾವ ಬೀದಿಯಲ್ಲಿ ಹೆಚ್ಚು ಗಸ್ತು ಹೊಡೆಯುತ್ತಾರೆ ಎಂಬುದೂ ಒಂದು ಕಾರಣ. ಹಾಗಾದರೆ ಯಾವ ಸಮಾನತೆಯನ್ನು ಆರಿಸಿಕೊಳ್ಳಬೇಕು, ಯಾರ ಮೇಲಿನ ತಪ್ಪು ಹೆಚ್ಚು ಘೋರ ಎಂಬುದನ್ನು ಕಂಪ್ಯೂಟರ್ ಹೇಳಲಾರದು. ಇವು ಸಮಾಜ ಚರ್ಚಿಸಿ, ಶಾಸನಸಭೆ ತೀರ್ಮಾನಿಸಿ, ನ್ಯಾಯಾಲಯ ಪರಿಶೀಲಿಸಬೇಕಾದ ಪ್ರಶ್ನೆಗಳು. ತಂತ್ರಜ್ಞಾನ ನೀತಿಯ ಕೆಲಸ ಶುರುವಾಗುವುದು ಇಲ್ಲಿಂದ.

ಪ್ರಾಮಾಣಿಕವಾಗಿ ಯತ್ನಿಸಿದ ನಗರ

ಹಗರಣದಿಂದ ಎಚ್ಚೆತ್ತ ಆಮ್‌ಸ್ಟರ್‌ಡ್ಯಾಮ್ ನಗರಾಡಳಿತ, ಇದನ್ನೇ ನ್ಯಾಯವಾಗಿ ಮಾಡಲು ಸಾಧ್ಯವೇ ಎಂದು ಪರೀಕ್ಷಿಸಿತು. ಜೀವನಭತ್ಯೆಯ ಅರ್ಜಿಗಳಲ್ಲಿ ಯಾವುದನ್ನು ಹೆಚ್ಚು ಪರಿಶೀಲಿಸಬೇಕು ಎಂದು ಸೂಚಿಸುವ ‘ಸ್ಮಾರ್ಟ್ ಚೆಕ್’ ಎಂಬ ವ್ಯವಸ್ಥೆಯನ್ನು ರೂಪಿಸಿತು. ಲಿಂಗ, ರಾಷ್ಟ್ರೀಯತೆಯನ್ನು ಹೊರಗಿಟ್ಟಿತು. ವಲಸಿಗರ ಬಡಾವಣೆಯ ಸುಳಿವು ಕೊಡಬಹುದೆಂದು ಪಿನ್‌ಕೋಡನ್ನೂ ಬಿಟ್ಟಿತು. ಹೊರಗಿನ ತಜ್ಞರಿಂದ ಪರೀಕ್ಷೆ ಮಾಡಿಸಿತು. ಭತ್ಯೆ ಪಡೆಯುವವರೂ ಅವರ ಪರ ಕೆಲಸ ಮಾಡುವವರೂ ಇದ್ದ ಸಲಹಾ ಮಂಡಳಿಯ ಮುಂದಿಟ್ಟಿತು. ಮಂಡಳಿ ಈ ಯೋಜನೆಯೇ ಬೇಡ ಎಂದು ವಿರೋಧಿಸಿತು.

ಮೊದಲ ಪರೀಕ್ಷೆಯಲ್ಲಿ ಯಂತ್ರ ವಿದೇಶಿ ಮೂಲದವರನ್ನು ಹೆಚ್ಚು ಶಂಕಿಸಿತು. ದತ್ತಾಂಶದ ತೂಕ ಬದಲಿಸಿ ಸರಿಪಡಿಸಿದರು. 2023ರಲ್ಲಿ ನಿಜವಾದ ಅರ್ಜಿಗಳ ಮೇಲೆ ಪ್ರಯೋಗ ಮಾಡಿದಾಗ ಪಕ್ಷಪಾತ ತಿರುಗಿ ಬಿತ್ತು: ಈ ಬಾರಿ ಡಚ್ ಪೌರರು ಮತ್ತು ಮಹಿಳೆಯರು ತಪ್ಪಾಗಿ ಸಿಕ್ಕಿಬಿದ್ದರು. ಮನುಷ್ಯ ಅಧಿಕಾರಿಗಳಿಗಿಂತ ಅದು ಚೆನ್ನಾಗಿಯೇನೂ ಕೆಲಸ ಮಾಡಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ನಗರ ಯೋಜನೆಯನ್ನು ನಿಲ್ಲಿಸಿತು.

ಇದನ್ನು ಸೋಲು ಎನ್ನುವವರಿದ್ದಾರೆ. ತೆರಿಗೆ ಇಲಾಖೆಯ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ ಹಾಗೆ ಅನಿಸುವುದಿಲ್ಲ. ಒಂದು ಕಡೆ ಗುಟ್ಟಾಗಿ ಓಡಿದ ಯಂತ್ರ ಸಾವಿರಾರು ಸಂಸಾರಗಳನ್ನು ಹಾಳುಮಾಡಿದ ಮೇಲೆ ನಿಂತಿತು. ಇನ್ನೊಂದು ಕಡೆ ಬಯಲಲ್ಲಿ ಪರೀಕ್ಷೆಗೆ ಒಳಗಾದ ಯಂತ್ರ ಪ್ರಯೋಗದ ಹಂತದಲ್ಲೇ ನಿಂತಿತು. ಎರಡರಲ್ಲೂ ಪಕ್ಷಪಾತ ಇತ್ತು. ಎರಡನೆಯದರಲ್ಲಿ ಮಾತ್ರ ಅದನ್ನು ಅಳೆಯುವ ವ್ಯವಸ್ಥೆಯೂ ನಿಲ್ಲಿಸುವ ಅಧಿಕಾರವೂ ಮೊದಲೇ ಇದ್ದವು.

ಕಾನೂನುಗಳು ಏನು ಮಾಡಿವೆ

ಯುರೋಪಿನ ದತ್ತಾಂಶ ರಕ್ಷಣಾ ನಿಯಮ 2018ರಿಂದ ಜಾರಿಯಲ್ಲಿದೆ. ಬದುಕಿನ ಮೇಲೆ ಗಂಭೀರ ಪರಿಣಾಮ ಬೀರುವ ತೀರ್ಮಾನವನ್ನು ಯಂತ್ರವೊಂದೇ ಮಾಡಿದರೆ ಅದನ್ನು ಪ್ರಶ್ನಿಸಿ, ಮನುಷ್ಯರು ಮಧ್ಯಪ್ರವೇಶಿಸಬೇಕೆಂದು ಕೇಳುವ ಹಕ್ಕನ್ನು ಅದು ಕೊಟ್ಟಿದೆ. 2020ರ ಫೆಬ್ರುವರಿಯಲ್ಲಿ ಹೇಗ್ ಜಿಲ್ಲಾ ನ್ಯಾಯಾಲಯ, ಹಲವು ಇಲಾಖೆಗಳ ಮಾಹಿತಿ ಜೋಡಿಸಿ ವಂಚಕರನ್ನು ಊಹಿಸುತ್ತಿದ್ದ ‘ಸಿರಿ’ ಎಂಬ ಮತ್ತೊಂದು ಡಚ್ ವ್ಯವಸ್ಥೆಯನ್ನು ಮಾನವ ಹಕ್ಕಿನ ಉಲ್ಲಂಘನೆ ಎಂದು ರದ್ದುಮಾಡಿತು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಪರಿಶೀಲಿಸಲು ಜನರಿಗೆ ದಾರಿಯೇ ಇಲ್ಲ ಎಂಬುದು ಮುಖ್ಯ ಕಾರಣವಾಗಿತ್ತು. 2022ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್ ಸರ್ಕಾರಿ ಅಲ್ಗಾರಿದಮ್‌ಗಳ ಸಾರ್ವಜನಿಕ ನೋಂದಣಿ ಪುಸ್ತಕವನ್ನು ಅಂತರ್ಜಾಲದಲ್ಲಿ ತೆರೆಯಿತು.

2024ರ ಆಗಸ್ಟ್ 1ರಂದು ಅಸ್ತಿತ್ವಕ್ಕೆ ಬಂದ ಯುರೋಪಿಯನ್ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆ ಹಂತಹಂತವಾಗಿ ಜಾರಿಯಾಗುತ್ತಿದೆ. ಉದ್ಯೋಗ, ಸಾಲ, ಶಿಕ್ಷಣ, ಸರ್ಕಾರಿ ಸೌಲಭ್ಯದ ಅರ್ಹತೆ ತೀರ್ಮಾನಿಸುವ ವ್ಯವಸ್ಥೆಗಳನ್ನು ಅದು ‘ಹೆಚ್ಚು ಅಪಾಯದ’ ವರ್ಗಕ್ಕೆ ಸೇರಿಸಿದೆ. ಸರ್ಕಾರಿ ಸಂಸ್ಥೆಗಳು ಇವನ್ನು ಬಳಸುವ ಮುನ್ನ ಮೂಲಭೂತ ಹಕ್ಕುಗಳ ಮೇಲಿನ ಪರಿಣಾಮವನ್ನು ಅಂದಾಜಿಸಬೇಕು. ಕಾಯ್ದೆ ಪೂರ್ತಿ ನಿಷೇಧಿಸಿದ ಬಳಕೆಗಳಿಗೆ ದಂಡ 3.5 ಕೋಟಿ ಯೂರೋ ಅಥವಾ ಕಂಪನಿಯ ಜಾಗತಿಕ ವಹಿವಾಟಿನ ಶೇ 7ರವರೆಗೆ.

ಕಾನೂನು ಕಾಗದದ ಮೇಲಿದ್ದರೆ ಸಾಲದು ಎಂಬುದನ್ನು ನ್ಯೂಯಾರ್ಕ್ ನಗರ ತೋರಿಸಿಕೊಟ್ಟಿದೆ. ಕೆಲಸಕ್ಕೆ ಆಯ್ಕೆಮಾಡುವ ತಂತ್ರಾಂಶಗಳನ್ನು ವರ್ಷಕ್ಕೊಮ್ಮೆ ಪಕ್ಷಪಾತದ ತಪಾಸಣೆಗೆ ಒಳಪಡಿಸಿ ಫಲಿತಾಂಶ ಪ್ರಕಟಿಸಬೇಕು ಎಂಬ ಅಲ್ಲಿನ ಕಾಯ್ದೆ 2023ರ ಜುಲೈನಿಂದ ಜಾರಿಗೆ ಬಂತು. ಸಂಶೋಧಕರು 391 ಉದ್ಯೋಗದಾತರನ್ನು ಪರಿಶೀಲಿಸಿದಾಗ ತಪಾಸಣಾ ವರದಿ ಸಿಕ್ಕಿದ್ದು 18 ಕಡೆ ಮಾತ್ರ. ತಮ್ಮ ತಂತ್ರಾಂಶ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಯೇ ಎಂದು ತೀರ್ಮಾನಿಸುವ ಅಧಿಕಾರವನ್ನು ಕಾಯ್ದೆ ಉದ್ಯೋಗದಾತರ ಕೈಗೇ ಬಿಟ್ಟಿತ್ತು.

ತಪಾಸಣೆಯಿಂದ ಪ್ರಯೋಜನವಿಲ್ಲ ಎಂದು ಇದರ ಅರ್ಥವಲ್ಲ. ಜಾಯ್ ಬುವೊಲಾಮ್ವಿನಿ ಮತ್ತು ತಿಮ್ನಿತ್ ಗೆಬ್ರು 2018ರಲ್ಲಿ ಮೂರು ಕಂಪನಿಗಳ ಮುಖ ಗುರುತಿಸುವ ತಂತ್ರಾಂಶಗಳನ್ನು ಪರೀಕ್ಷಿಸಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವುದರಲ್ಲಿ ಬಿಳಿ ಬಣ್ಣದ ಗಂಡಸರ ವಿಷಯಕ್ಕೆ ತಪ್ಪು ಶೇ 1ಕ್ಕಿಂತ ಕಡಿಮೆ. ಕಪ್ಪು ಬಣ್ಣದ ಹೆಂಗಸರ ವಿಷಯಕ್ಕೆ ಶೇ 34.7ರವರೆಗೆ. ಹೆಸರು ಹೇಳಿ ಪ್ರಕಟಿಸಿದ ಮೇಲೆ ಮೂರೂ ಕಂಪನಿಗಳು ತಪ್ಪನ್ನು ಬಹಳಷ್ಟು ತಗ್ಗಿಸಿದವು ಎಂದು ಮರುವರ್ಷದ ಅಧ್ಯಯನ ಹೇಳಿತು. ಹೊರಗಿನವರು ಸ್ವತಂತ್ರವಾಗಿ ಅಳೆದು, ಹೆಸರು ಸಮೇತ ಪ್ರಕಟಿಸಿದಾಗ ಕೆಲಸವಾಗುತ್ತದೆ.

ನಮ್ಮ ನೆರೆಯಲ್ಲಿ, ನಮ್ಮಲ್ಲಿ

ನೆದರ್ಲೆಂಡ್ಸ್ ದೂರ ಎನಿಸಿದರೆ ತೆಲಂಗಾಣವನ್ನು ನೋಡಬಹುದು. ಅಲ್ಲಿನ ಸರ್ಕಾರ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆಯಲ್ಲಿ ಹತ್ತಾರು ಇಲಾಖೆಗಳ ಮಾಹಿತಿಯನ್ನು ಒಟ್ಟುಗೂಡಿಸಿ, ಒಬ್ಬ ವ್ಯಕ್ತಿಯ ಚದುರಿದ ದಾಖಲೆಗಳನ್ನು ಹೆಸರು, ವಿಳಾಸಗಳ ಹೋಲಿಕೆಯಿಂದ ಜೋಡಿಸುತ್ತದೆ. 2014ರಿಂದ 2019ರ ನಡುವೆ ರಾಜ್ಯದಲ್ಲಿ 18 ಲಕ್ಷಕ್ಕೂ ಹೆಚ್ಚು ಪಡಿತರ ಕಾರ್ಡುಗಳು ರದ್ದಾದವು. ಎಷ್ಟೋ ಜನರಿಗೆ ಒಂದು ನೋಟಿಸ್ ಕೂಡ ಬರಲಿಲ್ಲ. ಹೈದರಾಬಾದಿನಲ್ಲಿ ಸೈಕಲ್ ರಿಕ್ಷಾ ತುಳಿಯುತ್ತಿದ್ದವರ ಕುಟುಂಬವೊಂದಕ್ಕೆ ಅಕ್ಕಿ ನಿಂತುಹೋಯಿತು. ಅವರ ಹೆಸರನ್ನೇ ಹೋಲುವ ಇನ್ನೊಬ್ಬರ ಕಾರು ಅವರ ಖಾತೆಗೆ ಜಮೆಯಾಗಿತ್ತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ರದ್ದಾದ ಕಾರ್ಡುಗಳನ್ನು ಮನೆಮನೆಗೆ ಹೋಗಿ ಮರುಪರಿಶೀಲಿಸಿ ಎಂದು ಆದೇಶಿಸಿತು. ಪರಿಶೀಲನೆ ಮುಗಿದ ಸುಮಾರು 2 ಲಕ್ಷ ಅರ್ಜಿಗಳಲ್ಲಿ 15,000ಕ್ಕೂ ಹೆಚ್ಚು ಕುಟುಂಬಗಳು ಅರ್ಹರೆಂದು ಗೊತ್ತಾಯಿತು.

ಹರಿಯಾಣದಲ್ಲಿ ‘ಪರಿವಾರ್ ಪೆಹಚಾನ್ ಪತ್ರ’ದ ದಾಖಲೆಯಲ್ಲಿ ಸತ್ತಿದ್ದಾರೆಂದು ನಮೂದಾಗಿ ಪಿಂಚಣಿ ನಿಂತ 102 ವರ್ಷದ ಹಿರಿಯರೊಬ್ಬರು, ತಾವು ಬದುಕಿದ್ದೇವೆ ಎಂದು ತೋರಿಸಲು 2022ರಲ್ಲಿ ರೋಹ್ಟಕ್ ಬೀದಿಯಲ್ಲಿ ಮದುವೆ ದಿಬ್ಬಣದಂತೆ ಮೆರವಣಿಗೆ ಹೊರಡಬೇಕಾಯಿತು.

ಕನ್ನಡ ನಾಡಿನ ಓದುಗರಿಗೆ ಈ ಹೆಸರಿನ ತೊಡಕು ಚೆನ್ನಾಗಿ ಗೊತ್ತು. ಲಕ್ಷ್ಮಮ್ಮ ಎಂಬ ಒಂದೇ ಹೆಸರು ಆಧಾರ್‌ನಲ್ಲಿ ಒಂದು ಇಂಗ್ಲಿಷ್ ಕಾಗುಣಿತದಲ್ಲಿ, ಪಹಣಿಯಲ್ಲಿ ಇನ್ನೊಂದು ಬಗೆಯಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು ಬಗೆಯಲ್ಲಿ ಇರುತ್ತದೆ. ಇನಿಷಿಯಲ್ ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ. ಒಂದೇ ಹೋಬಳಿಯಲ್ಲಿ ಅದೇ ಹೆಸರಿನ ಹತ್ತು ಮಂದಿ. ಕರ್ನಾಟಕದಲ್ಲೂ ‘ಕುಟುಂಬ’ ಎಂಬ ದತ್ತಾಂಶ ವ್ಯವಸ್ಥೆ ಇದೆ. ಸೌಲಭ್ಯಗಳ ಅರ್ಹತೆ ಗುರುತಿಸಲು ಅದನ್ನು ಬಳಸಲಾಗುತ್ತದೆ. ಅರ್ಜಿ ಹಾಕದೆಯೂ ಅರ್ಹರನ್ನು ಹುಡುಕಿ ಸೌಲಭ್ಯ ತಲುಪಿಸಬಹುದು ಎಂಬುದು ಇಂಥ ವ್ಯವಸ್ಥೆಯ ದೊಡ್ಡ ಅನುಕೂಲ. ಅನರ್ಹರೆಂದು ಯಾರನ್ನಾದರೂ ಕೈಬಿಡಲು ಅದೇ ಜೋಡಣೆಯನ್ನು ನೆಚ್ಚಿಕೊಂಡರೆ, ತಪ್ಪಿನ ಬೆಲೆಯನ್ನು ತೆರುವವರು ತಾಲ್ಲೂಕು ಕಚೇರಿಗೆ ಬಸ್ ಚಾರ್ಜ್ ಹೊಂದಿಸುವುದೂ ಕಷ್ಟವಾದ ಜನ.

ದೇಶದ ಕಾನೂನು ಇನ್ನೂ ಅರೆಬರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಬ್ಬರ ಮಾಹಿತಿಯನ್ನು ಬಳಸಿ ಅವರ ಬಗ್ಗೆ ತೀರ್ಮಾನ ಮಾಡುವುದಾದರೆ ಆ ಮಾಹಿತಿ ಪೂರ್ಣವೂ ನಿಖರವೂ ಆಗಿರಬೇಕು. ಯಂತ್ರದ ತೀರ್ಮಾನಕ್ಕೆ ವಿವರಣೆ ಕೇಳುವ, ಅದನ್ನು ಮನುಷ್ಯರಿಂದ ಮರುಪರಿಶೀಲಿಸಿ ಎನ್ನುವ ಹಕ್ಕು ಅದರಲ್ಲಿಲ್ಲ. ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರ 2023ರಲ್ಲಿ ಕೃತಕ ಬುದ್ಧಿಮತ್ತೆಯ ನ್ಯಾಯಪರತೆಯನ್ನು ಅಳೆಯುವ ಮಾನದಂಡವೊಂದನ್ನು ಹೊರತಂದಿದೆ. ಅದನ್ನು ಪಾಲಿಸುವುದು ಐಚ್ಛಿಕ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮಾರ್ಗಸೂಚಿ ನ್ಯಾಯ ಮತ್ತು ಸಮಾನತೆಯನ್ನು ತತ್ವವಾಗಿ ಒಪ್ಪಿಕೊಂಡು, ಸದ್ಯಕ್ಕೆ ಪ್ರತ್ಯೇಕ ಕಾಯ್ದೆ ಬೇಡ ಎಂದಿದೆ. ಕಿರಾಣಿ ಅಂಗಡಿಯ ತಕ್ಕಡಿಗೂ ಇಲಾಖೆಯ ತಪಾಸಣೆ, ಮುದ್ರೆ ಕಡ್ಡಾಯವಾಗಿರುವ ದೇಶದಲ್ಲಿ, ಮನುಷ್ಯರ ಅರ್ಹತೆ ತೂಗುವ ಯಂತ್ರಕ್ಕೆ ಅಂಥ ಯಾವ ಮುದ್ರೆಯೂ ಬೇಕಾಗಿಲ್ಲ.

ಈ ವಿಚಾರದಲ್ಲಿ ಕರ್ನಾಟಕ ಒಂದು ಹೆಜ್ಜೆ ಮುಂದಿಟ್ಟಿದೆ ಎಂಬುದು ಹೆಮ್ಮೆಯ ಸಂಗತಿ. ಊಟ ತಲುಪಿಸುವವರು, ಕ್ಯಾಬ್ ಓಡಿಸುವವರು ಮುಂತಾದ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ರಾಜ್ಯ ರೂಪಿಸಿದ ಕಾಯ್ದೆ ಕಲ್ಯಾಣ ನಿಧಿಯ ಜೊತೆಗೆ ಅಲ್ಗಾರಿದಮ್ ಬಗ್ಗೆಯೂ ಮಾತಾಡುತ್ತದೆ. ಕೆಲಸ ಹಂಚುವ, ರೇಟಿಂಗ್ ಕೊಡುವ, ಹಣ ನಿಗದಿ ಮಾಡುವ ಸ್ವಯಂಚಾಲಿತ ವ್ಯವಸ್ಥೆಗಳು ಮುಖ್ಯವಾಗಿ ಯಾವ ಅಂಶಗಳನ್ನು ನೋಡುತ್ತವೆ ಎಂಬುದನ್ನು ಕಂಪನಿ ಕಾರ್ಮಿಕರಿಗೆ ತಿಳಿಸಬೇಕು. ಅವು ಜಾತಿ, ಧರ್ಮ, ಲಿಂಗ, ಅಂಗವೈಕಲ್ಯದಂಥ ಆಧಾರದ ಮೇಲೆ ತಾರತಮ್ಯ ಮಾಡದಂತೆ ನೋಡಿಕೊಳ್ಳಬೇಕು. ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣ ಕೊಟ್ಟು 14 ದಿನ ಮುಂಚಿತವಾಗಿ ನೋಟಿಸ್ ನೀಡಬೇಕು. ಕಾರ್ಮಿಕರ ಅಹವಾಲು ಕೇಳಲು ಒಬ್ಬ ಮನುಷ್ಯ ಇರಬೇಕು.

ಹೊರೆ ಯಾರ ಹೆಗಲಿಗೆ

ಸರ್ಕಾರಿ ಸೌಲಭ್ಯ ನಿಂತ ಈ ಪ್ರಕರಣಗಳಲ್ಲಿ ಒಂದು ಸಮಾನ ಎಳೆ ಇದೆ. ಎಲ್ಲ ಕಡೆಯೂ ಯಂತ್ರ ಅನುಮಾನಪಟ್ಟಿತು, ಆ ಅನುಮಾನ ಸುಳ್ಳೆಂದು ಸಾಬೀತು ಮಾಡುವ ಹೊರೆ ಮಾತ್ರ ಬಡವರ ಹೆಗಲಿಗೆ ಬಿತ್ತು. ಆಸ್ಟ್ರೇಲಿಯಾದ ‘ರೋಬೋಡೆಟ್’ ಹಗರಣದಲ್ಲೂ ಇದೇ ಆಯಿತು. ಸರ್ಕಾರಿ ಭತ್ಯೆ ಪಡೆದವರ ವರ್ಷದ ಆದಾಯವನ್ನು 26 ಪಾಕ್ಷಿಕಗಳಿಗೆ ಸಮನಾಗಿ ಹಂಚಿ, ನಿರುದ್ಯೋಗದ ದಿನಗಳಲ್ಲೂ ಸಂಪಾದನೆ ಇತ್ತು ಎಂದು ಲೆಕ್ಕ ಹಾಕಿದ ಯಂತ್ರ ಲಕ್ಷಾಂತರ ಜನರಿಗೆ ಸುಳ್ಳು ಸಾಲದ ನೋಟಿಸ್ ಕಳಿಸಿತು. ಹಲವು ವರ್ಷ ಹಿಂದಿನ ಸಂಬಳದ ಚೀಟಿ ಹುಡುಕಿ ತರಬೇಕಾದವರು ಅವರೇ. 2023ರಲ್ಲಿ ರಾಯಲ್ ಕಮಿಷನ್ ಎಂಬ ಅಲ್ಲಿನ ಉನ್ನತ ತನಿಖಾ ಆಯೋಗ ಆ ಯೋಜನೆಯನ್ನು ಕಟುವಾಗಿ ಖಂಡಿಸಿತು. ಅಲ್ಲಿ ಯಂತ್ರ ಕಲಿಯುತ್ತಲೂ ಇರಲಿಲ್ಲ. ಬರೀ ಭಾಗಾಕಾರ ಮಾಡುತ್ತಿತ್ತು. ಕೋಡ್ ಎಷ್ಟು ಸಂಕೀರ್ಣ ಎಂಬುದಕ್ಕಿಂತ ಹೊರೆ ಯಾರ ಮೇಲಿದೆ ಎಂಬುದೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಆದ್ದರಿಂದ ತಂತ್ರಜ್ಞಾನ ನೀತಿ ಮೊದಲು ಮಾಡಬೇಕಾದ್ದು ಆ ಹೊರೆಯನ್ನು ಯಂತ್ರ ಓಡಿಸುವವರ ಹೆಗಲಿಗೆ ದಾಟಿಸುವುದು. ಸೌಲಭ್ಯ ನಿಲ್ಲಿಸುವ ಮುನ್ನ ನೋಟಿಸ್ ಕೊಡಬೇಕು, ಕಾರಣವನ್ನು ಓದುವವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಬೇಕು, ವಿಚಾರಣೆ ಮುಗಿಯುವ ತನಕ ಪಿಂಚಣಿ, ಪಡಿತರ ಮುಂದುವರಿಯಬೇಕು. ಸರ್ಕಾರ ಯಾವ ಯಾವ ಅಲ್ಗಾರಿದಮ್‌ಗಳನ್ನು ಯಾವ ಕೆಲಸಕ್ಕೆ ಬಳಸುತ್ತಿದೆ ಎಂಬ ಪಟ್ಟಿ ಎಲ್ಲರಿಗೂ ಸಿಗಬೇಕು. ಸ್ವತಂತ್ರ ತಪಾಸಕರು ಜಾತಿ, ಲಿಂಗ, ಪ್ರದೇಶವಾರು ತಪ್ಪಿನ ಪ್ರಮಾಣ ಅಳೆದು ಪ್ರಕಟಿಸಬೇಕು. ಮಿತಿ ಮೀರಿದರೆ ಯಂತ್ರವನ್ನು ನಿಲ್ಲಿಸುವ ಅಧಿಕಾರ ಅವರಿಗಿರಬೇಕು.

ಇದಕ್ಕೆಲ್ಲ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ. ಆಡಳಿತದ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ಒದಗಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸರ್ಕಾರಿ ಕಚೇರಿಗಳಿಗೆ ಈಗಾಗಲೇ ವಿಧಿಸಿದೆ. ಪಿಂಚಣಿಯೋ ಪಡಿತರವೋ ಏಕಾಏಕಿ ನಿಂತವರು, ಅವರ ಪರವಾಗಿ ಅರ್ಜಿ ಬರೆದುಕೊಡುವ ಊರಿನ ವಿದ್ಯಾವಂತರು, ‘ಸಿಸ್ಟಮ್‌ನಲ್ಲಿ ಹಾಗೇ ತೋರಿಸುತ್ತಿದೆ’ ಎಂಬ ಉತ್ತರಕ್ಕೆ ತೃಪ್ತರಾಗದೆ ಆ ಸೆಕ್ಷನ್ ಹೆಸರು ಹೇಳಿ ಲಿಖಿತ ಕಾರಣ ಕೇಳಬೇಕು. ಡೆಲಿವರಿ ಹುಡುಗನಿಗೆ 14 ದಿನದ ನೋಟಿಸ್ ಕೊಡಬೇಕೆಂದು ಖಾಸಗಿ ಕಂಪನಿಗಳಿಗೆ ಕಾಯ್ದೆ ಮಾಡಿದ ಕರ್ನಾಟಕ ಸರ್ಕಾರ, ವಿಧವಾ ವೇತನ ಪಡೆಯುವ ತಾಯಿಗೂ ಅದೇ ಹಕ್ಕನ್ನು ಕೊಡುವ ಹೊಣೆಯನ್ನು ತನ್ನ ಮೇಲೆ ತಾನೇ ವಿಧಿಸಿಕೊಳ್ಳಬೇಕು.